ಮೂರು ಗಂಟೆಯ ಆಪರೇಷನ್, ಮೂರು ತಿಂಗಳ ಏರ್ಪಾಡು

ದೊಡ್ಡ ಕರುಳಿನ ಕ್ಯಾನ್ಸರ್‌ಗೆ ಮುಖ್ಯ ಚಿಕಿತ್ಸೆ ಶಸ್ತ್ರಚಿಕಿತ್ಸೆಯೇ. ಆದರೆ ರೋಗಿ ಉಳಿಯುವುದು ಸರ್ಜನ್ ಒಬ್ಬರಿಂದಲ್ಲ. ಆಪರೇಷನ್ನಿನ ಹಿಂದೆ ಮುಂದೆ ಆಸ್ಪತ್ರೆ ನಡೆಸುವ ಏರ್ಪಾಡಿನಿಂದ.

ಆಪರೇಷನ್ ಎಂದ ಕೂಡಲೇ ನಮ್ಮ ಮನೆಗಳಲ್ಲಿ ಮೊದಲು ಏಳುವ ಮಾತು ಡಾಕ್ಟರ ಕೈಗುಣದ್ದು. ‘ಅವರ ಕೈಗುಣ ಚೆನ್ನಾಗಿದೆಯಂತೆ’ ಎಂದು ಯಾರೋ ನೆಂಟರು ಹೇಳಿಬಿಟ್ಟರೆ ಅರ್ಧ ಭಯ ಇಳಿಯುತ್ತದೆ. ಸಾಲ ಮಾಡಿಕೊಂಡು ಊರೂರು ಸುತ್ತುವುದೂ ಅಂಥದ್ದೊಂದು ಕೈಯನ್ನು ಹುಡುಕಿಕೊಂಡೇ. ಕೈಗೆ ಬೆಲೆ ಇದ್ದೇ ಇದೆ. ಆದರೆ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಸರ್ಜನ್‌ಗಳು 2009ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಈ ನಂಬಿಕೆಯನ್ನು ಸ್ವಲ್ಪ ಅಲುಗಾಡಿಸಿತು. ದೊಡ್ಡ ಶಸ್ತ್ರಚಿಕಿತ್ಸೆಗೆ ಒಳಗಾದ 84 ಸಾವಿರಕ್ಕೂ ಹೆಚ್ಚು ರೋಗಿಗಳ ದಾಖಲೆಗಳನ್ನು ಅವರು ಸೋಸಿ ನೋಡಿದರು. ಅತಿ ಕಡಿಮೆ ಸಾವು ಕಂಡ ಆಸ್ಪತ್ರೆಗಳಲ್ಲಿ ನೂರಕ್ಕೆ 3.5 ಮಂದಿ ತೀರಿಕೊಂಡಿದ್ದರೆ, ಅತಿ ಹೆಚ್ಚು ಸಾವು ಕಂಡ ಆಸ್ಪತ್ರೆಗಳಲ್ಲಿ 6.9 ಮಂದಿ. ಹೆಚ್ಚುಕಡಿಮೆ ಎರಡರಷ್ಟು.

ಹಾಗಾದರೆ ಎರಡನೆಯ ಗುಂಪಿನ ಸರ್ಜನ್‌ಗಳು ಹೆಚ್ಚು ತಪ್ಪು ಮಾಡುತ್ತಿದ್ದರೇ? ಇಲ್ಲ. ಆಪರೇಷನ್ ನಂತರದ ತೊಡಕುಗಳು ಎರಡೂ ಕಡೆ ಒಂದೇ ಮಟ್ಟದಲ್ಲಿದ್ದವು, ಸುಮಾರು ನಾಲ್ವರಲ್ಲಿ ಒಬ್ಬರಿಗೆ. ವ್ಯತ್ಯಾಸವಿದ್ದದ್ದು ತೊಡಕು ಬಂದ ಮೇಲೆ. ಗಂಭೀರ ತೊಡಕಾದವರಲ್ಲಿ ಒಳ್ಳೆಯ ಆಸ್ಪತ್ರೆಗಳು ಕಳೆದುಕೊಂಡದ್ದು ನೂರಕ್ಕೆ 12.5 ಮಂದಿಯನ್ನು; ಉಳಿದವು 21.4 ಮಂದಿಯನ್ನು. ಯಾರೋ ಬೇಗ ಗಮನಿಸಿದರು, ಯಾರೋ ಬೇಗ ಓಡಿಬಂದರು, ಐಸಿಯುನಲ್ಲಿ ಹಾಸಿಗೆ ಸಿಕ್ಕಿತು. ಅಷ್ಟೇ ಅಂತರ.

ದೊಡ್ಡ ಕರುಳಿನ ಕ್ಯಾನ್ಸರ್‌ನ ಶಸ್ತ್ರಚಿಕಿತ್ಸೆಯನ್ನು ಈ ಕಣ್ಣಿನಿಂದ ನೋಡಬೇಕು. ಥಿಯೇಟರಿನೊಳಗಿನ ಎರಡು ಮೂರು ಗಂಟೆಗಳ ಬಗ್ಗೆ ನಾವು ಬಹಳ ಕೇಳುತ್ತೇವೆ. ಅದರ ಹಿಂದಿನ ವಾರಗಳು, ಮುಂದಿನ ರಾತ್ರಿಗಳು ಮಾತ್ರ ಯಾರ ಲೆಕ್ಕಕ್ಕೂ ಬರುವುದಿಲ್ಲ.

ಹಗಲು ಬಂದವರು, ರಾತ್ರಿ ಬಂದವರು

ಜಗತ್ತಿನಲ್ಲಿ 2022ರ ಒಂದೇ ವರ್ಷದಲ್ಲಿ ಕರುಳು ಮತ್ತು ಗುದನಾಳದ ಕ್ಯಾನ್ಸರ್ 19 ಲಕ್ಷಕ್ಕೂ ಹೆಚ್ಚು ಜನರಲ್ಲಿ ಹೊಸದಾಗಿ ಕಾಣಿಸಿಕೊಂಡಿತು. ಸುಮಾರು 9 ಲಕ್ಷ ಜನ ಅದರಿಂದ ಸತ್ತರು. ಕ್ಯಾನ್ಸರ್ ಸಾವುಗಳ ಪಟ್ಟಿಯಲ್ಲಿ ಅದಕ್ಕೆ ಶ್ವಾಸಕೋಶದ ನಂತರದ ಎರಡನೆಯ ಸ್ಥಾನ. ಭಾರತದಲ್ಲಿ ಇದರ ಪ್ರಮಾಣ ಪಾಶ್ಚಾತ್ಯ ದೇಶಗಳಿಗಿಂತ ಕಡಿಮೆ. ಆದರೆ ನಮ್ಮಲ್ಲಿ ಮಲದಲ್ಲಿ ರಕ್ತ ಬಿದ್ದರೆ ‘ಮೂಲವ್ಯಾಧಿ ಇರಬೇಕು, ಉಷ್ಣ ಆಗಿದೆ’ ಎಂದು ತಿಂಗಳುಗಟ್ಟಲೆ ನಾಟಿ ಔಷಧಿ ನುಂಗುವುದು ಬಹಳ ಸಾಮಾನ್ಯ.

ಈ ಕ್ಯಾನ್ಸರ್ ಬಹುಪಾಲು ಕರುಳಿನ ಒಳಗೋಡೆಯ ಸಣ್ಣ ಗಂಟಿನಿಂದ (ಪಾಲಿಪ್) ಶುರುವಾಗಿ ವರ್ಷಾನುಗಟ್ಟಲೆ ನಿಧಾನವಾಗಿ ಬೆಳೆಯುತ್ತದೆ. ಕರುಳಿನ ಗೋಡೆಯೊಳಗೇ ಇದ್ದಾಗ ಸಿಕ್ಕಿದರೆ ಆಪರೇಷನ್ ಒಂದರಲ್ಲೇ ಹತ್ತರಲ್ಲಿ ಒಂಬತ್ತು ಮಂದಿ ಐದು ವರ್ಷ ದಾಟುತ್ತಾರೆ ಎನ್ನುತ್ತವೆ ಅಮೆರಿಕದ ದಾಖಲೆಗಳು. ರೋಗಕ್ಕೆ ಅವಸರವಿಲ್ಲ, ಆದ್ದರಿಂದ ಆಸ್ಪತ್ರೆಗೆ ಸಿದ್ಧತೆಗೆ ಸಮಯವಿದೆ.

ಆದರೆ ಎಲ್ಲರೂ ಸಮಯ ಕೊಟ್ಟು ಬರುವುದಿಲ್ಲ. ಕೆಲವರು ಹೊಟ್ಟೆ ಉಬ್ಬಿ, ವಾಂತಿಯಾಗುತ್ತಾ, ಮಲ ಪೂರ್ತಿ ಕಟ್ಟಿ, ನಡುರಾತ್ರಿ ಆಂಬುಲೆನ್ಸ್‌ನಲ್ಲಿ ಬರುತ್ತಾರೆ. ಇಂಗ್ಲೆಂಡಿನಂಥ ದೇಶದಲ್ಲೂ ಸುಮಾರು ಐವರಲ್ಲಿ ಒಬ್ಬರ ಕಥೆ ಇದು. ಆಗ ಸಿದ್ಧತೆ ಎನ್ನುವ ಮಾತೇ ಇಲ್ಲ. ಆ ಹೊತ್ತಿನಲ್ಲಿ ಡ್ಯೂಟಿಯಲ್ಲಿರುವವರು ಯಾರೋ ಅವರೇ ಆಪರೇಷನ್ ಮಾಡಬೇಕು. ಯೋಜನೆ ಮಾಡಿಕೊಂಡು ನಡೆಸುವ ಆಪರೇಷನ್‌ಗಿಂತ ಇಲ್ಲಿ ಸಾವಿನ ಅಪಾಯ ಹಲವು ಪಟ್ಟು ಹೆಚ್ಚು. ಕೆಲವು ಕೇಂದ್ರಗಳು ಅಂಥವರ ಕಟ್ಟಿದ ಜಾಗಕ್ಕೆ ಲೋಹದ ಸ್ಟೆಂಟ್ ಕೂರಿಸಿ ದಾರಿ ಬಿಡಿಸುತ್ತವೆ, ಇಲ್ಲವೇ ಹೊಟ್ಟೆಯ ಮೇಲೆ ಮಲ ಹೊರಬರಲು ತಾತ್ಕಾಲಿಕ ದಾರಿ (ಸ್ಟೋಮಾ) ಮಾಡಿ ಉಬ್ಬರ ಇಳಿಸುತ್ತವೆ. ಕೆಲವು ದಿನ ಸುಧಾರಿಸಿಕೊಂಡ ಮೇಲೆ ಹಗಲು ಹೊತ್ತಿನಲ್ಲಿ, ಸರಿಯಾದ ತಂಡದ ಕೈಯಲ್ಲಿ ಕ್ಯಾನ್ಸರ್ ತೆಗೆಯುತ್ತಾರೆ. ರಾತ್ರಿಯ ರೋಗಿಯನ್ನು ಹಗಲಿನ ರೋಗಿಯನ್ನಾಗಿ ಮಾಡುವುದೇ ಅಲ್ಲಿನ ಮೊದಲ ಚಿಕಿತ್ಸೆ.

ಒಬ್ಬರ ತೀರ್ಮಾನವಲ್ಲ

ಕೊಲೊನೋಸ್ಕೋಪಿಯಲ್ಲಿ ಗಡ್ಡೆ ಕಂಡಿತು, ಬಯಾಪ್ಸಿ ಆಯಿತು, ಎದೆ ಹೊಟ್ಟೆಯ ಸಿ.ಟಿ. ಸ್ಕ್ಯಾನ್ ಆಯಿತು, ರಕ್ತದಲ್ಲಿ ಕ್ಯಾನ್ಸರ್ ಸೂಚಕವಾದ ಸಿಇಎ ನೋಡಿಯಾಯಿತು. ಮುಂದೇನು? ಹಿಂದೆಲ್ಲ ರೋಗಿ ಮೊದಲು ಯಾರ ಬಾಗಿಲು ತಟ್ಟಿದರೋ ಅವರ ತೀರ್ಮಾನವೇ ಅಂತಿಮ. ಸರ್ಜನ್ ಕಂಡರೆ ಆಪರೇಷನ್, ಕಿಮೊ ತಜ್ಞರು ಕಂಡರೆ ಕಿಮೊ. ಬ್ರಿಟನ್‌ನಲ್ಲಿ 1995ರ ಕ್ಯಾಲ್ಮನ್–ಹೈನ್ ವರದಿ ಈ ಪದ್ಧತಿಯನ್ನು ಪ್ರಶ್ನಿಸಿತು. ಕ್ಯಾನ್ಸರ್ ರೋಗಿಯ ಚಿಕಿತ್ಸೆಯನ್ನು ಬೇರೆ ಬೇರೆ ವಿಭಾಗಗಳ ತಜ್ಞರು ಒಟ್ಟಾಗಿ ನಿರ್ಧರಿಸಬೇಕು ಎಂಬುದು ಅಲ್ಲಿಂದಾಚೆ ನಿಯಮವಾಯಿತು.

ನಮ್ಮ ದೊಡ್ಡ ಕ್ಯಾನ್ಸರ್ ಆಸ್ಪತ್ರೆಗಳಲ್ಲಿ ಇದಕ್ಕೆ ‘ಟ್ಯೂಮರ್ ಬೋರ್ಡ್’ ಎನ್ನುತ್ತಾರೆ. ಸರ್ಜನ್, ಕಿಮೊ ತಜ್ಞ, ರೇಡಿಯೇಷನ್ ತಜ್ಞ, ಸ್ಕ್ಯಾನ್ ಓದುವವರು, ಪೆಥಾಲಜಿಸ್ಟ್ ಎಲ್ಲರೂ ವಾರಕ್ಕೊಮ್ಮೆ ಒಂದು ಕೋಣೆಯಲ್ಲಿ ಸೇರಿ, ಒಂದೊಂದೇ ಕೇಸಿನ ಸ್ಕ್ಯಾನನ್ನು ಪರದೆಯ ಮೇಲೆ ಹಾಕಿ ವಾದಿಸುತ್ತಾರೆ. ಯಕೃತ್ತಿಗೆ ಹರಡಿದೆಯೇ, ಹರಡಿದ್ದರೂ ಅದನ್ನೂ ಕತ್ತರಿಸಿ ತೆಗೆಯಬಹುದೇ? ಗಡ್ಡೆ ಗುದನಾಳದಲ್ಲಿದ್ದರೆ ಮೊದಲು ರೇಡಿಯೇಷನ್ ಕೊಡಬೇಕೇ? ರೋಗಿ ತೀರ ಚಿಕ್ಕ ವಯಸ್ಸಿನವರಾಗಿದ್ದರೆ ವಂಶವಾಹಿ ಪರೀಕ್ಷೆ ಬೇಕೇ? ಕೆಲವೊಮ್ಮೆ ಆಪರೇಷನ್ ಬೇಡ ಎನ್ನುವುದೇ ಸರಿಯಾದ ತೀರ್ಮಾನ. ಅದನ್ನು ಒಬ್ಬರೇ ಹೇಳುವುದಕ್ಕಿಂತ ಐವರು ಕೂತು ಹೇಳಿದರೆ ರೋಗಿಗೂ ವೈದ್ಯರಿಗೂ ಧೈರ್ಯ.

ಸಣ್ಣ ಊರಿನ ಆಸ್ಪತ್ರೆಯಲ್ಲಿ ಐದು ತಜ್ಞರು ಎಲ್ಲಿಂದ ಬರಬೇಕು? ಮುಂಬೈನ ಟಾಟಾ ಸ್ಮಾರಕ ಕೇಂದ್ರದ ಮುಂದಾಳತ್ವದಲ್ಲಿ 2012ರಲ್ಲಿ ಆರಂಭವಾದ ರಾಷ್ಟ್ರೀಯ ಕ್ಯಾನ್ಸರ್ ಗ್ರಿಡ್ ಈ ಕೊರತೆಯನ್ನು ತುಂಬಲು ನೋಡುತ್ತಿದೆ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯೂ ಸೇರಿದಂತೆ ದೇಶದ ಮುನ್ನೂರಕ್ಕೂ ಹೆಚ್ಚು ಸಂಸ್ಥೆಗಳು ಈ ಜಾಲದಲ್ಲಿವೆ. ಒಂದೇ ಬಗೆಯ ಚಿಕಿತ್ಸಾ ಸೂತ್ರಗಳನ್ನು ಹಂಚಿಕೊಳ್ಳುವುದು, ವಿಡಿಯೊ ಮೂಲಕ ಕಠಿಣ ಕೇಸುಗಳನ್ನು ಚರ್ಚಿಸುವುದು ಅದರ ಕೆಲಸ.

ದಿನಾಂಕವೂ ಚಿಕಿತ್ಸೆಯ ಭಾಗವೇ. ಡೆನ್ಮಾರ್ಕ್ 2007ರಲ್ಲಿ ಕ್ಯಾನ್ಸರನ್ನು ತುರ್ತು ಕಾಯಿಲೆಯಂತೆ ನೋಡಬೇಕೆಂದು ತೀರ್ಮಾನಿಸಿ, ಮರುವರ್ಷದಿಂದ ಪ್ರತಿ ಬಗೆಯ ಕ್ಯಾನ್ಸರ್‌ಗೂ ‘ಪ್ಯಾಕೇಜ್’ ರೂಪಿಸಿತು: ಅನುಮಾನ ಬಂದ ದಿನದಿಂದ ಸ್ಕ್ಯಾನ್‌ಗೆ ಎಷ್ಟು ದಿನ, ಆಪರೇಷನ್‌ಗೆ ಎಷ್ಟು ದಿನ ಎಂದು ಮೊದಲೇ ಬರೆದಿಟ್ಟ ವೇಳಾಪಟ್ಟಿ. ಅನುಮಾನದಿಂದ ಆಸ್ಪತ್ರೆಗೆ ಕಳಿಸಿದ ದಿನದಿಂದ ಚಿಕಿತ್ಸೆ ಶುರುವಾಗುವವರೆಗೆ ಇಂಗ್ಲೆಂಡಿನ ಗುರಿ 62 ದಿನ. ಆ ಗುರಿ ಅಲ್ಲಿ ಆಗಾಗ ತಪ್ಪುತ್ತದೆ. ಆದರೆ ತಪ್ಪಿದ್ದು ಎಲ್ಲರಿಗೂ ಗೊತ್ತಾಗುತ್ತದೆ, ಪತ್ರಿಕೆಗಳಲ್ಲಿ ಸುದ್ದಿಯಾಗುತ್ತದೆ.

ಕಾಯುವ ವಾರಗಳ ಕೆಲಸ

ತೀರ್ಮಾನವಾದ ದಿನಕ್ಕೂ ಥಿಯೇಟರಿನ ದಿನಕ್ಕೂ ನಡುವೆ ಎರಡು ನಾಲ್ಕು ವಾರ ಇರುತ್ತವೆ. ಮನೆಯವರಿಗೆ ಅದು ಬರೀ ಆತಂಕದ ಕಾಲ. ಒಳ್ಳೆಯ ಆಸ್ಪತ್ರೆಗೆ ಅದು ದುಡಿಮೆಯ ಕಾಲ.

ಕರುಳಿನ ಗಡ್ಡೆ ಕಣ್ಣಿಗೆ ಕಾಣದಂತೆ ರಕ್ತ ಸೋರಿಸುತ್ತಿರುತ್ತದೆ. ರೋಗಿ ಬಂದಾಗ ಹಿಮೋಗ್ಲೋಬಿನ್ ಎಂಟಕ್ಕೋ ಒಂಬತ್ತಕ್ಕೋ ಇಳಿದಿರುವುದು ಹೊಸದಲ್ಲ. ರಕ್ತನಾಳದ ಮೂಲಕ ಕಬ್ಬಿಣಾಂಶ ಕೊಟ್ಟರೆ ಕೆಲವೇ ವಾರಗಳಲ್ಲಿ ಏರುತ್ತದೆ, ಬಾಟಲಿ ರಕ್ತದ ಅಗತ್ಯ ತಗ್ಗುತ್ತದೆ. ಸಕ್ಕರೆ ಕಾಯಿಲೆ ಹತೋಟಿಗೆ ಬರಬೇಕು. ಬೀಡಿ ಸಿಗರೇಟು ನಿಲ್ಲಬೇಕು. ತೂಕ ಕಳೆದುಕೊಂಡವರಿಗೆ ಮೊಟ್ಟೆ, ಬೇಳೆ, ಹಾಲು, ಪ್ರೊಟೀನ್ ಪುಡಿ ಲೆಕ್ಕ ಹಾಕಿ ತಿನ್ನಿಸಬೇಕು.

ಇದೆಲ್ಲ ಅಜ್ಜಿಯ ಬುದ್ಧಿಮಾತಿನಂತೆ ಕೇಳಿಸಬಹುದು. ಆದರೆ ನೆದರ್ಲೆಂಡ್ಸ್ ವೈದ್ಯರ ನೇತೃತ್ವದಲ್ಲಿ ಹಲವು ದೇಶಗಳಲ್ಲಿ ನಡೆದು 2023ರಲ್ಲಿ ಪ್ರಕಟವಾದ ‘ಪ್ರಿಹ್ಯಾಬ್’ ಪ್ರಯೋಗದಲ್ಲಿ ಕರುಳಿನ ಕ್ಯಾನ್ಸರ್ ರೋಗಿಗಳಿಗೆ ಆಪರೇಷನ್ ಮೊದಲು ನಾಲ್ಕು ವಾರ ವ್ಯಾಯಾಮ, ಪೌಷ್ಟಿಕ ಆಹಾರ, ಮನೋಬಲದ ತರಬೇತಿ ಕೊಟ್ಟರು, ಸೇದುವವರಿಗೆ ಆ ಚಟ ಬಿಡಿಸಿದರು. ಹಾಗೆ ತಯಾರಾದವರಲ್ಲಿ ನೂರಕ್ಕೆ 17 ಮಂದಿಗೆ ಗಂಭೀರ ತೊಡಕಾಯಿತು. ತಯಾರಿಯಿಲ್ಲದೆ ಹೋದವರಲ್ಲಿ ಸುಮಾರು 30 ಮಂದಿಗೆ.

ಇನ್ನೊಂದು ಕೆಲಸ ಒಂದು ಪೆನ್ನಿನದು. ಕೆಲವರಿಗೆ ಹೊಟ್ಟೆಯ ಮೇಲೆ ಸ್ಟೋಮಾ ಮಾಡಿ ಮಲ ಚೀಲಕ್ಕೆ ಬರುವಂತೆ ಮಾಡಬೇಕಾಗುತ್ತದೆ. ಅದು ಎಲ್ಲಿ ಬರಬೇಕೆಂದು ಹಿಂದಿನ ದಿನವೇ ಗುರುತು ಹಾಕಬೇಕು. ರೋಗಿಯನ್ನು ಕೂರಿಸಿ, ನಿಲ್ಲಿಸಿ, ಬಗ್ಗಿಸಿ ನೋಡಬೇಕು. ಸೀರೆಯ ನೆರಿಗೆ ಸಿಕ್ಕಿಸುವ ಜಾಗ ಎಲ್ಲಿ, ಪಂಚೆ ಕಟ್ಟುವ ಸೊಂಟ ಎಷ್ಟು ಎತ್ತರ, ನೆಲದ ಮೇಲೆ ಚಕ್ಕಂಬಕ್ಕಳ ಹಾಕಿದಾಗ ಹೊಟ್ಟೆಯ ಮಡಿಕೆ ಎಲ್ಲಿ ಬೀಳುತ್ತದೆ, ಇದನ್ನೆಲ್ಲ ಕೇಳದೆ ಮಲಗಿದ ಹೊಟ್ಟೆಯ ಮೇಲೆ ತೋಚಿದಲ್ಲಿ ಮಾಡಿಬಿಟ್ಟರೆ ಚೀಲ ಅಂಟುವುದಿಲ್ಲ, ಸೋರುತ್ತದೆ, ಚರ್ಮ ಸುಡುತ್ತದೆ, ರೋಗಿ ಮದುವೆ ಮುಂಜಿಗೆ ಹೋಗುವುದನ್ನೇ ಬಿಟ್ಟುಬಿಡುತ್ತಾರೆ. ಈ ಕೆಲಸಕ್ಕೆಂದೇ ತರಬೇತಿ ಪಡೆದ ಸ್ಟೋಮಾ ನರ್ಸ್ ಇರುತ್ತಾರೆ. 1958ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನಲ್ಲಿ ಇದನ್ನು ವೃತ್ತಿಯಾಗಿ ಆರಂಭಿಸಿದ ನಾರ್ಮಾ ಗಿಲ್ ಸ್ವತಃ ಸ್ಟೋಮಾ ಇದ್ದ ರೋಗಿ.

ಹ್ವಿಡೋವ್ರೆಯ ಪ್ರಶ್ನೆ

ಕರುಳಿನ ಆಪರೇಷನ್ ಆದವರು ಹಿಂದೆ ವಾರ, ಹತ್ತು ದಿನ ವಾರ್ಡಿನಲ್ಲಿ ಮಲಗಿರುತ್ತಿದ್ದರು. ಮೂಗಿನಲ್ಲಿ ನಳಿಕೆ, ಕೈಯಲ್ಲಿ ಡ್ರಿಪ್, ಬಾಯಿಗೆ ಹನಿ ನೀರಿಲ್ಲ. ‘ಗಾಳಿ ಹೋಯಿತಾ?’ ಎಂದು ದಿನಾ ಬೆಳಿಗ್ಗೆ ರೌಂಡ್ಸ್‌ನಲ್ಲಿ ಕೇಳುವುದು, ಹೋಯಿತು ಎಂದ ಮೇಲೆ ಚಮಚೆಯಲ್ಲಿ ಗಂಜಿ. ಪಾಠಪುಸ್ತಕಗಳು ಹಾಗೇ ಹೇಳುತ್ತಿದ್ದವು.

ಡೆನ್ಮಾರ್ಕ್‌ನ ಕೋಪನ್‌ಹೇಗನ್ ಬಳಿಯ ಹ್ವಿಡೋವ್ರೆ ಆಸ್ಪತ್ರೆಯ ಸರ್ಜನ್ ಹೆನ್ರಿಕ್ ಕೆಹ್ಲೆಟ್ 1990ರ ದಶಕದಲ್ಲಿ ಸರಳವಾದ ಪ್ರಶ್ನೆ ಕೇಳಿದರು: ಆಪರೇಷನ್ ಚೆನ್ನಾಗಿಯೇ ಆಗಿರುವಾಗ ಈ ರೋಗಿ ಇವತ್ತೂ ಆಸ್ಪತ್ರೆಯಲ್ಲಿ ಏಕಿದ್ದಾರೆ? ನೋವಿಗೆ, ವಾಕರಿಕೆಗೆ, ಕರುಳು ಇನ್ನೂ ಎಚ್ಚರಾಗದ್ದಕ್ಕೆ, ನಿಶ್ಶಕ್ತಿಗೆ ಎಂಬ ಉತ್ತರಗಳು ಬಂದವು. ಒಂದೊಂದಕ್ಕೂ ಕಾರಣ ಹುಡುಕಿದರೆ ಅರ್ಧ ಕಾರಣ ಚಿಕಿತ್ಸೆಯ ಪದ್ಧತಿಯಲ್ಲೇ ಇತ್ತು. ಹೆಚ್ಚು ಮಾರ್ಫಿನ್ ಕರುಳನ್ನು ಮಲಗಿಸುತ್ತದೆ. ಹೆಚ್ಚು ಡ್ರಿಪ್ ಕರುಳನ್ನು ಊದಿಸುತ್ತದೆ. ಮಂಚ ಬಿಟ್ಟು ಏಳದಿದ್ದರೆ ಸ್ನಾಯು ಕರಗುತ್ತದೆ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುತ್ತದೆ.

ಕೆಹ್ಲೆಟ್ ತಂಡ ಬೆನ್ನಿನಲ್ಲಿ ಎಪಿಡ್ಯೂರಲ್ ಕೊಟ್ಟು ನೋವು ತಡೆಯಿತು, ಮೂಗಿನ ನಳಿಕೆ ಬಿಟ್ಟಿತು, ಆಪರೇಷನ್ ದಿನದ ಸಂಜೆಯೇ ಕುಡಿಯಲು ಕೊಟ್ಟು ಮಂಚದಿಂದ ಎಬ್ಬಿಸಿತು. 2000ದಲ್ಲಿ ಅವರು ಪ್ರಕಟಿಸಿದ 60 ರೋಗಿಗಳ ವರದಿಯಲ್ಲಿ ಅರ್ಧದಷ್ಟು ಮಂದಿ ಎರಡೇ ದಿನದೊಳಗೆ ಮನೆಗೆ ಹೋಗಿದ್ದರು, ಅದೂ ಬಹುಪಾಲು ಎಪ್ಪತ್ತು ದಾಟಿದ ವಯಸ್ಸಿನಲ್ಲಿ. ನೂರಕ್ಕೆ 15 ಮಂದಿ ಮತ್ತೆ ಆಸ್ಪತ್ರೆಗೆ ಬರಬೇಕಾಯಿತು ಎಂಬುದನ್ನೂ ಅವರು ಮುಚ್ಚಿಡಲಿಲ್ಲ.

ಎಡಿನ್‌ಬರೋದ ಕೆನ್ ಫಿಯರನ್, ಸ್ವೀಡನ್ನಿನ ಊಲ್ಲೆ ಯುಂಗ್‌ಕ್ವಿಸ್ಟ್ ಮೊದಲಾದವರು ಇದನ್ನು ಮುಂದುವರಿಸಿ ‘ಇರಾಸ್’ (ಶಸ್ತ್ರಚಿಕಿತ್ಸೆಯ ನಂತರದ ಬೇಗ ಚೇತರಿಕೆ) ಎಂಬ ಸೂತ್ರ ಕಟ್ಟಿದರು. ಆಪರೇಷನ್‌ಗೆ ಎರಡು ಗಂಟೆ ಮೊದಲಿನವರೆಗೂ ತಿಳಿ ಪಾನೀಯ ಕುಡಿಯಬಹುದು ಎಂಬುದರಿಂದ ಹಿಡಿದು ಮೂತ್ರದ ನಳಿಕೆ ಯಾವಾಗ ತೆಗೆಯಬೇಕು ಎಂಬುದರವರೆಗೆ ಇಪ್ಪತ್ತರಷ್ಟು ಅಂಶಗಳು. ಒಂದೂ ಪವಾಡವಲ್ಲ, ಬಹುಪಾಲು ದುಬಾರಿಯೂ ಅಲ್ಲ.

ಆದರೆ ಸೂತ್ರವನ್ನು ಗೋಡೆಗೆ ಅಂಟಿಸಿದರೆ ಸಾಲದು. 2007ರಲ್ಲಿ ಬಂದ ಒಂದು ಯುರೋಪಿಯನ್ ಅಧ್ಯಯನದಲ್ಲಿ ಮೂರನೆಯ ದಿನಕ್ಕೇ ಚೇತರಿಸಿಕೊಂಡಿದ್ದ ರೋಗಿಗಳನ್ನು ಐದನೆಯ ದಿನ ಕಳಿಸುತ್ತಿದ್ದರು. ರೂಢಿ ಬದಲಾಗಿರಲಿಲ್ಲ. ಸ್ಟಾಕ್‌ಹೋಮ್‌ನ ಎರ್ಸ್ಟಾ ಆಸ್ಪತ್ರೆ 953 ರೋಗಿಗಳ ದಾಖಲೆಯಲ್ಲಿ ಇದನ್ನು ಇನ್ನೂ ಸ್ಪಷ್ಟವಾಗಿ ತೋರಿಸಿತು. 2002ರಿಂದ 2004ರವರೆಗೆ ಅಲ್ಲಿ ಸೂತ್ರದ ಅಂಶಗಳು ಪಾಲನೆಯಾಗುತ್ತಿದ್ದದ್ದು ಶೇ 43ರಷ್ಟು. ಪಟ್ಟು ಹಿಡಿದು ಅದನ್ನು ಶೇ 71ಕ್ಕೆ ಏರಿಸಿದಾಗ ತೊಡಕುಗಳು ಕಾಲು ಭಾಗದಷ್ಟು ಇಳಿದವು. ಸೂತ್ರ ಅದೇ, ಆಸ್ಪತ್ರೆ ಅದೇ. ಬದಲಾದದ್ದು ಸಿಸ್ಟರ್, ಅರಿವಳಿಕೆ ತಜ್ಞ, ಫಿಸಿಯೊ, ಅಡುಗೆಮನೆ ಎಲ್ಲರೂ ಪ್ರತಿದಿನ ಟಿಕ್ ಹಾಕಿ ಲೆಕ್ಕ ಕೊಡಬೇಕಾದದ್ದು.

ಗ್ಲೌಸ್ ಬದಲಿಸಿದ್ದಕ್ಕೆ

ಥಿಯೇಟರಿನೊಳಗೂ ಕೈಚಳಕದ ಜೊತೆಗೆ ಶಿಸ್ತಿನ ಪಾಲಿದೆ. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಒಂದು ಹಾಳೆಯ ಚೆಕ್‌ಲಿಸ್ಟ್ ಹೊರತಂದಿತು: ರೋಗಿ ಇವರೇನಾ, ಆ್ಯಂಟಿಬಯಾಟಿಕ್ ಕೊಟ್ಟಿರಾ, ಬಟ್ಟೆ ಸೂಜಿ ಎಣಿಸಿದಿರಾ. ದೆಹಲಿಯೂ ಸೇರಿದಂತೆ ಎಂಟು ನಗರಗಳ ಎಂಟು ಆಸ್ಪತ್ರೆಗಳಲ್ಲಿ ಅದನ್ನು ಪರೀಕ್ಷಿಸಿದಾಗ ಸಾವು ಶೇ 1.5ರಿಂದ 0.8ಕ್ಕೆ ಇಳಿಯಿತು. 2022ರಲ್ಲಿ ಪ್ರಕಟವಾದ ‘ಚೀತಾ’ ಪ್ರಯೋಗ ಇನ್ನೂ ಸರಳ. ಭಾರತವೂ ಸೇರಿ ಏಳು ದೇಶಗಳ 81 ಆಸ್ಪತ್ರೆಗಳಲ್ಲಿ, 13 ಸಾವಿರಕ್ಕೂ ಹೆಚ್ಚು ಹೊಟ್ಟೆ ಆಪರೇಷನ್‌ಗಳಲ್ಲಿ, ಗಾಯ ಹೊಲಿಯುವ ಮುನ್ನ ಗ್ಲೌಸ್ ಮತ್ತು ಉಪಕರಣಗಳನ್ನು ಬದಲಿಸಿ ನೋಡಿದರು. ಗಾಯದ ಸೋಂಕು ಶೇ 18.9ರಿಂದ 16ಕ್ಕೆ ಇಳಿಯಿತು.

ಕತ್ತರಿಸಿ ತೆಗೆದ ಕರುಳು ಅಲ್ಲಿಂದ ಪೆಥಾಲಜಿ ವಿಭಾಗಕ್ಕೆ ಹೋಗುತ್ತದೆ. ಅದರೊಂದಿಗಿನ ಕೊಬ್ಬಿನಲ್ಲಿ ಕನಿಷ್ಠ 12 ದುಗ್ಧಗ್ರಂಥಿಗಳನ್ನು ಹುಡುಕಿ ನೋಡಬೇಕು ಎಂಬುದು ಜಗತ್ತು ಒಪ್ಪಿದ ಮಟ್ಟ. ಒಂದರಲ್ಲಿ ಕ್ಯಾನ್ಸರ್ ಸಿಕ್ಕರೂ ಅದು ಮೂರನೆಯ ಹಂತ, ಸಾಮಾನ್ಯವಾಗಿ ಕಿಮೊ ಬೇಕು. ಐದೇ ಗ್ರಂಥಿ ನೋಡಿ ‘ಏನೂ ಇಲ್ಲ’ ಎಂದರೆ ಆ ನೆಮ್ಮದಿಗೆ ಬೆಲೆಯಿಲ್ಲ. ಸರ್ಜನ್ ಸಾಕಷ್ಟು ಅಗಲಕ್ಕೆ ತೆಗೆದರೇ, ಪೆಥಾಲಜಿಸ್ಟ್ ತಾಳ್ಮೆಯಿಂದ ಹುಡುಕಿದರೇ ಎಂಬ ಎರಡಕ್ಕೂ ಈ ಒಂದು ಅಂಕಿ ಸಾಕ್ಷಿ.

ನಾಲ್ಕನೆಯ ರಾತ್ರಿ

ಕರುಳಿನ ಎರಡು ತುದಿ ಜೋಡಿಸಿದ ಜಾಗ ಸೋರುವುದು ಎಲ್ಲ ಸರ್ಜನ್‌ಗಳ ದುಃಸ್ವಪ್ನ. ಎಷ್ಟೇ ಪಳಗಿದ ಕೈಯಾದರೂ ನೂರರಲ್ಲಿ ಕೆಲವರಿಗೆ ಅದು ಆಗಿಯೇ ಆಗುತ್ತದೆ. ಹೆಚ್ಚಾಗಿ ಆಗುವುದು ಮೂರರಿಂದ ಏಳನೆಯ ದಿನದ ನಡುವೆ, ರೋಗಿ ಚೇತರಿಸಿಕೊಳ್ಳುತ್ತಿದ್ದಾರೆ ಎಂದು ಮನೆಯವರು ನಿಟ್ಟುಸಿರು ಬಿಟ್ಟಾಗ. ಮೊದಲ ಸೂಚನೆ ಸಣ್ಣದು: ನಾಡಿ 90ರಿಂದ 110ಕ್ಕೆ ಏರುತ್ತದೆ, ಉಸಿರು ಸ್ವಲ್ಪ ಚುರುಕಾಗುತ್ತದೆ, ಊಟ ಬೇಡ ಎನ್ನುತ್ತಾರೆ. ರಕ್ತದಲ್ಲಿ ಉರಿಯೂತದ ಸೂಚಕವಾದ ಸಿಆರ್‌ಪಿ ಇಳಿಯುವ ಬದಲು ಏರುತ್ತದೆ.

ರಾತ್ರಿ ಪಾಳಿಯಲ್ಲಿ ಒಬ್ಬ ಸಿಸ್ಟರ್‌ಗೆ ಎಷ್ಟು ರೋಗಿಗಳು? ಅವರು ನಾಡಿಯನ್ನು ಬರೆದದ್ದು ಮಾತ್ರವೋ, ಅಥವಾ ಇಷ್ಟಾದರೆ ಫೋನ್ ಮಾಡಲೇಬೇಕು ಎಂಬ ನಿಯಮವಿದೆಯೋ? ಫೋನ್ ಎತ್ತಿದ ಪಿಜಿ ವಿದ್ಯಾರ್ಥಿ ಹಿರಿಯ ಸರ್ಜನ್‌ರನ್ನು ಎಬ್ಬಿಸಲು ಹೆದರುತ್ತಾರೋ? ನಡುರಾತ್ರಿ ಸ್ಕ್ಯಾನ್ ಸಿಗುತ್ತದೋ, ಬೆಳಗಾಗಬೇಕೋ? ಆರು ಗಂಟೆ ತಡವಾದರೆ ಸೋರಿಕೆ ಹೊಟ್ಟೆಯ ತುಂಬ ಕೀವಾಗಿ ರಕ್ತಕ್ಕೆ ಹರಡಬಹುದು.

82 ದೇಶಗಳ 428 ಆಸ್ಪತ್ರೆಗಳ ಸುಮಾರು 16 ಸಾವಿರ ಕ್ಯಾನ್ಸರ್ ಶಸ್ತ್ರಚಿಕಿತ್ಸೆಗಳನ್ನು ನೋಡಿದ ‘ಗ್ಲೋಬಲ್‌ಸರ್ಜ್’ ಅಧ್ಯಯನ 2021ರಲ್ಲಿ ಹೇಳಿದ್ದೂ ಇದನ್ನೇ. ಬಡ ದೇಶಗಳಲ್ಲಿ ತೊಡಕುಗಳು ಶ್ರೀಮಂತ ದೇಶಗಳಿಗಿಂತ ಹೆಚ್ಚೇನಲ್ಲ. ತೊಡಕಾದ ಮೇಲೆ ಸಾಯುವವರು ಹೆಚ್ಚು. ಆಪರೇಷನ್ ನಂತರ ನಿಗಾ ಇಡುವ ಸೌಲಭ್ಯ ಸದಾ ಲಭ್ಯವಿಲ್ಲದ ಕಡೆ, ಪ್ರತಿ ನೂರು ಗಂಭೀರ ತೊಡಕುಗಳಿಗೆ ಏಳರಿಂದ ಹತ್ತು ಸಾವು ಹೆಚ್ಚು.

ಲೆಕ್ಕ ಕೊಡುವವರು

ನೆದರ್ಲೆಂಡ್ಸ್ 2009ರಲ್ಲಿ ಕರುಳಿನ ಕ್ಯಾನ್ಸರ್ ಶಸ್ತ್ರಚಿಕಿತ್ಸೆಗೆಂದೇ ರಾಷ್ಟ್ರೀಯ ಲೆಕ್ಕಪರಿಶೋಧನೆ ಆರಂಭಿಸಿತು. ಪ್ರತಿ ರೋಗಿಯ ವಯಸ್ಸು, ಹಂತ, ತೊಡಕು, ಸಾವು ಎಲ್ಲವೂ ದಾಖಲಾಗಬೇಕು. ಪ್ರತಿ ಆಸ್ಪತ್ರೆಗೂ ತಾನು ಉಳಿದವರಿಗಿಂತ ಎಲ್ಲಿ ನಿಂತಿದ್ದೇನೆಂದು ಗೊತ್ತಾಗಬೇಕು. ಕೆಲವೇ ವರ್ಷಗಳಲ್ಲಿ ತೊಡಕುಗಳೂ ಸಾವುಗಳೂ ಇಳಿದವು. ಕಡಿಮೆ ಆಪರೇಷನ್ ಮಾಡುವ ಆಸ್ಪತ್ರೆಗಳು ಆ ಕೆಲಸವನ್ನೇ ಬಿಟ್ಟು ಬೇರೆಡೆ ಕಳಿಸಬೇಕಾಯಿತು.

ಕರ್ನಾಟಕದ ಬಳಿ ಏರ್ಪಾಡಿನ ಬಲಕ್ಕೆ ತನ್ನದೇ ಸಾಕ್ಷ್ಯವಿದೆ. 2010ರಲ್ಲಿ ಉತ್ತರ ಕರ್ನಾಟಕದಲ್ಲಿ ಆರಂಭವಾದ ‘ವಾಜಪೇಯಿ ಆರೋಗ್ಯಶ್ರೀ’ ಬಿಪಿಎಲ್ ಕುಟುಂಬಗಳಿಗೆ ಕ್ಯಾನ್ಸರ್, ಹೃದ್ರೋಗದಂಥ ದೊಡ್ಡ ಕಾಯಿಲೆಗಳಿಗೆ ಉಚಿತ ಚಿಕಿತ್ಸೆ ಕೊಟ್ಟಿತು. ಹಳ್ಳಿಗಳಲ್ಲಿ ತಪಾಸಣಾ ಶಿಬಿರ, ಆಸ್ಪತ್ರೆಯಲ್ಲಿ ಕೈಹಿಡಿದು ದಾರಿ ತೋರುವ ಆರೋಗ್ಯಮಿತ್ರರು ಅದರ ಭಾಗ. ಯೋಜನೆ ಇದ್ದ ಮತ್ತು ಇರದ ಪ್ರದೇಶಗಳ ಗಡಿಯ ಎರಡೂ ಬದಿಯ ಹಳ್ಳಿಗಳನ್ನು ಹೋಲಿಸಿದ ಅಧ್ಯಯನ 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಯೋಜನೆಯ ಕಾಯಿಲೆಗಳಿಂದ ಬಡ ಕುಟುಂಬಗಳಲ್ಲಾದ ಸಾವು ಯೋಜನೆ ಇರದ ಕಡೆ ಶೇ 0.90, ಇದ್ದ ಕಡೆ 0.32. ಅದು ಕರುಳಿನ ಕ್ಯಾನ್ಸರ್ ಒಂದರ ಲೆಕ್ಕವಲ್ಲ. ಆದರೆ ಹೊಸ ಔಷಧಿ, ಹೊಸ ಯಂತ್ರ ಯಾವುದೂ ಇಲ್ಲದೆ, ರೋಗಿ ಸರಿಯಾದ ಆಸ್ಪತ್ರೆ ತಲುಪುವ ದಾರಿ ಸರಿಯಾದದ್ದಕ್ಕೇ ಜೀವ ಉಳಿದದ್ದು.

ಇವತ್ತು ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಕಾರ್ಡು ಆಪರೇಷನ್ನಿನ ಖರ್ಚು ಭರಿಸುತ್ತದೆ. ಆದರೆ ದುಡ್ಡು ಕೊಡುವ ಸರ್ಕಾರ ಜೊತೆಗೆ ಕೇಳಬಹುದಾದ ಪ್ರಶ್ನೆಗಳೂ ಇವೆ: ಎಷ್ಟು ಕರುಳಿನ ಆಪರೇಷನ್ ಮಾಡಿದಿರಿ, ಮೂವತ್ತು ದಿನದಲ್ಲಿ ಎಷ್ಟು ಮಂದಿ ತೀರಿಕೊಂಡರು, ಎಷ್ಟು ಜನರಿಗೆ 12 ಗ್ರಂಥಿ ನೋಡಿದಿರಿ, ಕಿಮೊ ಬೇಕಾದವರಲ್ಲಿ ಎಷ್ಟು ಜನ ಎಂಟು ವಾರದೊಳಗೆ ಶುರು ಮಾಡಿದರು? ಕೊನೆಯದು ನಮ್ಮಲ್ಲಿ ವಿಶೇಷವಾಗಿ ಮುಖ್ಯ. ಕಿಮೊ ನಾಲ್ಕು ವಾರ ತಡವಾದಷ್ಟೂ ಸಾವಿನ ಅಪಾಯ ಸುಮಾರು ಶೇ 14ರಷ್ಟು ಏರುತ್ತದೆ ಎಂದು 2011ರ ಒಂದು ವಿಶ್ಲೇಷಣೆ ಕಂಡುಕೊಂಡಿತ್ತು. ರಾಯಚೂರಿನ ಹಳ್ಳಿಯಿಂದ ಬೆಂಗಳೂರಿಗೆ ಬಂದು ಆಪರೇಷನ್ ಮಾಡಿಸಿಕೊಂಡು ಹೋದ ರೈತ ಪೆಥಾಲಜಿ ರಿಪೋರ್ಟಿಗೆಂದು ಮತ್ತೆ ಬರುವಷ್ಟರಲ್ಲಿ ಬಿತ್ತನೆ ಮುಗಿದಿರುತ್ತದೆ. ಆ ರಿಪೋರ್ಟ್ ನೋಡಿ ಫೋನ್ ಮಾಡುವ ಒಬ್ಬ ಸಿಬ್ಬಂದಿಯ ಸಂಬಳ, ಶಸ್ತ್ರಚಿಕಿತ್ಸೆಯ ರೋಬಾಟ್ ಯಂತ್ರದ ಬೆಲೆಯ ಮುಂದೆ ಏನೂ ಅಲ್ಲ. ಅಂಥ ಸಿಬ್ಬಂದಿಗೂ, ವಾರ್ಡಿನ ರಾತ್ರಿ ಪಾಳಿಗೂ, ಪ್ರತಿ ಆಸ್ಪತ್ರೆಯ ಫಲಿತಾಂಶವನ್ನು ಬಹಿರಂಗಪಡಿಸುವುದಕ್ಕೂ ಯೋಜನೆಯ ದುಡ್ಡಿನ ಒಂದು ಪಾಲು ಮೀಸಲಾಗಬೇಕು.

ಆಪರೇಷನ್‌ಗೆ ಒಪ್ಪುವ ಮೊದಲು ಕೇಳಿ

• ನಮ್ಮ ಕೇಸನ್ನು ಟ್ಯೂಮರ್ ಬೋರ್ಡಿನಲ್ಲಿ ಚರ್ಚಿಸಿದ್ದೀರಾ?

• ಈ ಆಸ್ಪತ್ರೆಯಲ್ಲಿ ವರ್ಷಕ್ಕೆ ಎಷ್ಟು ಕರುಳಿನ ಕ್ಯಾನ್ಸರ್ ಆಪರೇಷನ್ ಆಗುತ್ತವೆ?

• ಅಲ್ಲಿಯವರೆಗೆ ರಕ್ತ, ಸಕ್ಕರೆ, ತೂಕ ಸರಿಮಾಡಿಕೊಳ್ಳಲು ನಾವು ಏನು ಮಾಡಬೇಕು?

• ಸ್ಟೋಮಾ ಬೇಕಾಗಬಹುದೇ? ಬೇಕಾದರೆ ಜಾಗ ಗುರುತು ಹಾಕುವವರು, ಆಮೇಲೆ ಚೀಲ ಹಾಕಲು ಕಲಿಸುವವರು ಯಾರು?

• ಪೆಥಾಲಜಿ ರಿಪೋರ್ಟ್ ಯಾವ ದಿನ ಬರುತ್ತದೆ? ಎಷ್ಟು ಗ್ರಂಥಿ ನೋಡಿದ್ದಾರೆಂದು ಅದರಲ್ಲಿ ಇರುತ್ತದೆಯೇ?

• ಮನೆಗೆ ಹೋದ ಮೇಲೆ ಜ್ವರ, ಹೊಟ್ಟೆನೋವು ಬಂದರೆ ಯಾವ ನಂಬರಿಗೆ ಫೋನ್ ಮಾಡಬೇಕು? ಇಲ್ಲಿರುವಾಗಲೇ ರಾತ್ರಿ ಎರಡು ಗಂಟೆಗೆ ಹದಗೆಟ್ಟರೆ ಯಾರು ಬಂದು ನೋಡುತ್ತಾರೆ? ಈ ಕೊನೆಯ ಪ್ರಶ್ನೆಗೆ ಸರ್ಜನ್ ತಡವರಿಸದೆ ಒಂದು ಹೆಸರು ಹೇಳಿದರೆ, ಆ ಆಸ್ಪತ್ರೆಯಲ್ಲಿ ಆಪರೇಷನ್ ಮಾಡಿಸಿಕೊಳ್ಳಬಹುದು.